ದೆವ್ವದ ಡಾಕ್ಟ್ರು

“ಓಡಿಸೋದಲ್ಲ ಮೇಡಂ, ಕರೆಸೋಕೆ ಬರ್ತದಾ ನಿಮಗೆ?”

ಕಳಸದಿಂದ ಬಾಳೂರಿಗೆ ಹೊರಟ ಜೀಪಿನಲ್ಲಿ ಪಕ್ಕ ಕೂತಿದ್ದ ಹೆಂಗಸು ಹೀಗೆ ಕೇಳಿದಾಗ ನನಗೆ ನಗು ಬಂತು. ನಾನು ಹಾರರ್ ಸಿನಿಮಾಗಳ ಮೇಲೆ ಡಾಕ್ಟರೇಟ್ ಮಾಡಿ, ಕಾಲೇಜಿನಲ್ಲಿ ಅದನ್ನೇ ಪಾಠ ಮಾಡುವವಳು. ಪರಿಚಯದ ಡ್ರೈವರ್ ಮಾತ್ರ “ಇವ್ರು ದೆವ್ವದ ಡಾಕ್ಟ್ರು” ಎಂದು ಜೀಪಿಗೆಲ್ಲ ಸಾರಿಬಿಟ್ಟಿದ್ದ.

“ಯಾರನ್ನಮ್ಮ ಕರೆಸೋದು?” ಎಂದೆ, ತಮಾಷೆಗೆ.

“ನನ್ನ ಮಗಳನ್ನ. ತೋಟದ ಕೆಲಸಕ್ಕೆ ಹೋದವಳನ್ನ ಆನೆ ತುಳೀತು. ಅವಳಿಗಿಷ್ಟ ಅಂತ ಕಡುಬು, ಕೋಳಿಸಾರು ಎಡೆ ಇಟ್ಟು, ಬಾಗಿಲು ಮುಚ್ಚಿ ಹೊರಗೆ ಕಾದೆ. ತೆಗೆದು ನೋಡಿದ್ರೆ ಎಲೆ ಇಟ್ಟ ಹಾಗೇ ಇತ್ತು. ನಾ ಮಾಡಿದ್ದು ರುಚಿ ಆಗ್ಲಿಲ್ವೋ ಏನೋ.”

ನಾನು ನೋಡಿದ ಸಿನಿಮಾಗಳಲ್ಲೆಲ್ಲ ಸತ್ತವರು ಬರುತ್ತಾರೆ, ಬದುಕಿದವರು ಬಾಗಿಲು ಹಾಕಿಕೊಂಡು ನಡುಗುತ್ತಾರೆ. ಬಾರದವರಿಗಾಗಿ ಬಾಗಿಲಾಚೆ ಕಾಯುವವರ ಬಗ್ಗೆ ನಾನು ಒಂದು ಸಾಲೂ ಬರೆದಿರಲಿಲ್ಲ.

“ನನಗೆ ಬರೋದಿಲ್ಲಮ್ಮ” ಎಂದೆ.

“ಹಾಗಾದ್ರೆ ಅಷ್ಟು ವರ್ಷ ಎಂಥ ಓದಿದ್ದು ನೀವು?” ಎಂದರು. ಸಿಟ್ಟಿನಿಂದಲ್ಲ, ನಿಜವಾಗಿ ಅರ್ಥವಾಗದೆ.

ಈಗಲೂ ತರಗತಿಯಲ್ಲಿ ತೆರೆಯ ಮೇಲೆ ದೆವ್ವ ಬಂದೊಡನೆ ವಿದ್ಯಾರ್ಥಿಗಳು ಕಿರುಚುತ್ತಾರೆ. ನನಗೆ ಮಾತ್ರ, ಬಂತಲ್ಲ, ಇದರ ತಾಯಿ ಪುಣ್ಯವಂತೆ ಅನ್ನಿಸುತ್ತದೆ.