ಸಾಹೇಬರ ಬೆಳಗಿನ ವಾಕಿಂಗು

ನಮ್ಮ ಓನರಮ್ಮನ ಮೂಗಿಗೆ ಹೆದರದ ಬಾಡಿಗೆದಾರ ಇನ್ನೂ ಹುಟ್ಟಿಲ್ಲ. ಯಾರ ಮನೆಯ ಹಾಲು ತಳ ಹಿಡಿದರೂ ಮನೆಯವರಿಗಿಂತ ಮೊದಲು ಅವರಿಗೇ ಗೊತ್ತಾಗುತ್ತಿತ್ತು. ಆಸ್ಪತ್ರೆಯ ಲ್ಯಾಬಿನಲ್ಲಿ ಜನ ಮುಖ ತಿರುಗಿಸಿಕೊಂಡು ತಂದುಕೊಡುವ ಡಬ್ಬಿಗಳಿಗೆ ಚೀಟಿ ಅಂಟಿಸಿಯೇ ನಿವೃತ್ತರಾದವರು. ಹೇಸಿಗೆ ಅನ್ನುವುದು ಅವರಿಗೆ ಎಂದೋ ಬಿಟ್ಟುಹೋಗಿತ್ತು.

ಅಂಥವರ ಮೆಟ್ಟಿಲ ಬುಡದಲ್ಲೇ ಯಾವುದೋ ನಾಯಿ ಬೆಳಿಗ್ಗೆ ಬೆಳಿಗ್ಗೆ ಕಾಣಿಕೆ ಇಟ್ಟು ಹೋಗುತ್ತಿತ್ತು. ಕಟ್ಟಡದಲ್ಲಿದ್ದದ್ದು ಮೂರೇ ನಾಯಿ. ಮೇಲಿನ ಮನೆಯ ಬಸ್ ಡ್ರೈವರನದು ಒಂದು, ಕೆಳಗೆ ಬಟ್ಟೆ ಹೊಲಿಯುವ ನನ್ನದು ಒಂದು. ಮೂರನೆಯದು ಓನರಮ್ಮನದೇ. ಅದರ ಮೈ, ಗತ್ತು ನೋಡಿ ನಾವು ಅದಕ್ಕೆ ಸಾಹೇಬರು ಎನ್ನುತ್ತಿದ್ದೆವು. ಓನರಮ್ಮನ ಯಜಮಾನರು ಅದನ್ನು ದಿನಾ ಬೀದಿ ಕೊನೆಯ ಖಾಲಿ ಸೈಟಿನವರೆಗೆ ನಡೆಸಿ, ಎಲ್ಲ ಮುಗಿಸಿ ತರುತ್ತಿದ್ದರಂತೆ. ಹಾಗಾಗಿ ಅನುಮಾನವೆಲ್ಲ ನಮ್ಮಿಬ್ಬರ ಮೇಲೆ.

ಒಂದು ಸಂಜೆ ಓನರಮ್ಮ ನಮ್ಮಿಬ್ಬರನ್ನು ಕರೆದರು. ದನಿ ಏರಿಸಲಿಲ್ಲ. ನನಗೆ ಹೆದರಿಕೆಯಾದದ್ದೇ ಅದಕ್ಕೆ.

"ಯಾರ್ ನಾಯಿ ಅಂತ ನಾನೇ ಕಂಡುಹಿಡೀತೀನಿ. ಆಮೇಲೆ ನಾಯಿಯಾದ್ರೂ ಹೋಗ್ಬೇಕು, ಇಲ್ಲಾ ನೀವಾದ್ರೂ ಹೋಗ್ಬೇಕು."

ನನ್ನ ಗಿರಾಕಿಗಳೆಲ್ಲ ಈ ಬಾಗಿಲು ಹುಡುಕಿಕೊಂಡು ಬರುವವರು. ಹಾಗಂತ ಹೊಲಿಗೆ ಮಿಷನ್ನಿನ ಕೆಳಗೆ ನನ್ನ ಕಾಲಿಗೆ ಒರಗಿ ಮಲಗುವ ಮುದಿ ಕರಿಯನನ್ನು ಬೀದಿಗೆ ಬಿಡಲೇ?

ಸ್ವಲ್ಪ ಹೊತ್ತಿಗೆ ಓನರಮ್ಮನೇ ಕರಿಯನಿಗೆಂದು ಮೆಕ್ಕೆಜೋಳ ಬೆರೆಸಿದ ಅನ್ನ ತಂದುಕೊಟ್ಟರು. ಡ್ರೈವರನ ನಾಯಿಗೆ ಬೀಟ್‌ರೂಟ್ ಅನ್ನವಂತೆ. ಮನಸ್ಸು ಕರಗಿತೆಂದು ನಾನು ಹಿಗ್ಗಿದೆ. ಜೋಳ ಹೋದ ಹಾಗೇ ಹೊರಬರುತ್ತದೆ, ಬೀಟ್‌ರೂಟ್ ಬಣ್ಣ ಬಿಡುತ್ತದೆ ಎಂಬ ಲ್ಯಾಬಿನ ಬುದ್ಧಿ ನನಗೆಲ್ಲಿಂದ ಬರಬೇಕು? ಅಷ್ಟರಲ್ಲಿ ಸಾಹೇಬರು ಬಾಲ ಅಲ್ಲಾಡಿಸುತ್ತ ಒಳಬಂದರು. ಅಮ್ಮನಿಗೆ ಬೆಣ್ಣೆ ಹಚ್ಚಲು ಅವರ ನಾಯಿಗೆ ತಿನ್ನಿಸುವುದು ನನ್ನ ಹಳೇ ಚಾಳಿ. ಕರಿಯನ ತಟ್ಟೆಯಿಂದ ಅರ್ಧ ತೆಗೆದು ಅದಕ್ಕೆ ಇಟ್ಟೆ. ತಿಂದು ಸಾಹೇಬರು ನೇರ ಮೇಲೆ ಡ್ರೈವರನ ಮನೆಗೆ ಹತ್ತಿದರು.

ಬೆಳಿಗ್ಗೆ ಓನರಮ್ಮ ಕನ್ನಡಕ ಏರಿಸಿ, ಕಡ್ಡಿ ಹಿಡಿದು ಮೆಟ್ಟಿಲ ಬುಡದಲ್ಲಿ ಕೂತಿದ್ದರು. ಹಳದಿ ಕಾಳು ಕಂಡು ಕರಿಯನನ್ನು ನನ್ನ ಕಾಲ ಹಿಂದಕ್ಕೆ ಎಳೆದುಕೊಂಡೆ. ಕಡ್ಡಿ ಇನ್ನೊಂದಿಷ್ಟು ಆಡಿತು. ಅದರಲ್ಲೇ ಕೆಂಪೂ ಇತ್ತು. ಈಗ ಡ್ರೈವರನ ಮುಖ ಇಳಿಯಿತು.

ಈ ಅನ್ನ ಇನ್ಯಾರಿಗೆ ಹಾಕಿದಿರಿ ಎಂದು ಕೇಳಿದರು. ನಮ್ಮಿಬ್ಬರ ಕಣ್ಣೂ ಸಾಹೇಬರ ಕಡೆ ಹೋದವು. ಅದರ ಹಗ್ಗ ಹಿಡಿದಿದ್ದ ಯಜಮಾನರು ಅಂದಿನ ಪೇಪರಿನಲ್ಲಿ ಮುಖ ಮುಚ್ಚಿಕೊಂಡರು. ದಿನಾ ವಾಕಿಂಗ್ ಹೋಗುತ್ತಿದ್ದದ್ದು ಮೆಟ್ಟಿಲ ಬುಡಕ್ಕೆ ಬಂದು ಬೀಳುವ ಆ ಪೇಪರಿನವರೆಗೆ ಮಾತ್ರ ಎಂದು ಆಗ ತಿಳಿಯಿತು. ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದ ಎಲೆಯ ನೊಣ ಹುಡುಕಿದರಂತೆ ಎಂಬ ಗಾದೆ ನನ್ನ ನಾಲಿಗೆ ತುದಿಗೆ ಬಂತು. ಬಾಡಿಗೆ ಮನೆಯವನ ನಾಲಿಗೆಯಲ್ಲವೇ, ನುಂಗಿಕೊಂಡೆ.

ಓನರಮ್ಮ ನಿಧಾನಕ್ಕೆ ಎದ್ದು ಗಂಡನ ಮುಂದೆ ನಿಂತರು.

"ನಾನು ಆಡಿದ ಮಾತು ಆಡಿದ್ದೇ. ಹೋಗಿ."

"ಎಲ್ಲಿಗೆ ಹೋಗ್ಲೇ?"

"ಬೀದಿ ಕೊನೆಗೆ. ಇಬ್ರೂ."

ಕರಿಯ ಈಗಲೂ ನನ್ನ ಕಾಲಿಗೆ ಒರಗಿಯೇ ಮಲಗುತ್ತಾನೆ. ಸಾಹೇಬರ ರಾತ್ರಿಯೂಟಕ್ಕೆ ಓನರಮ್ಮ ತಪ್ಪದೆ ಮೆಕ್ಕೆಜೋಳ ಬೆರೆಸುತ್ತಾರೆ. ಬೆಳಿಗ್ಗೆ ಯಜಮಾನರು ಬೀದಿ ಕೊನೆಯಿಂದ ಚೀಟಿ ಅಂಟಿಸಿದ ಡಬ್ಬಿಯೊಂದನ್ನು ಹಿಡಿದು ಬರುತ್ತಾರೆ. ಓನರಮ್ಮ ಬಾಗಿಲಲ್ಲೇ ಮುಚ್ಚಳ ತೆಗೆದು, ಕಾಳು ನೋಡಿದ ಮೇಲೆಯೇ ಅವರಿಗೆ ಕಾಫಿ.