ಉಪ್ಪಿಲ್ಲದ ಜುಣಕ

ಈ ಬೆಳಿಗ್ಗೆ ಹೆಂಡತಿ ಸೌಟು ಹಿಡಿದು ಬಂದು, ಸಾರಿನ ಉಪ್ಪು ನೋಡಿ ಎಂದಳು. ಅಂಗೈಗೆ ಬಿದ್ದದ್ದನ್ನು ನೆಕ್ಕಿದೆ. ಸರಿಯಾಗಿತ್ತು. ಅಷ್ಟು ಹೇಳಲು ನಾನು ತೆಗೆದುಕೊಂಡ ಸಮಯ ಕಂಡು ಅವಳು ನಕ್ಕಳು. ನಮ್ಮ ಮನೆಯಲ್ಲಿ ಉಪ್ಪು ನೋಡುವ ಅಧಿಕಾರ ನನ್ನದು. ಅದು ಒಮ್ಮೆ ನನ್ನಿಂದ ಪೂರ್ತಿ ಕೈತಪ್ಪಿತ್ತು. ಆ ಕತೆ ಹೇಳುತ್ತೇನೆ. ಸ್ವಲ್ಪ ಸುತ್ತಿಬಳಸಿದರೆ ಸಹಿಸಿಕೊಳ್ಳಿ.

ನಾನು ಮಂಡ್ಯದ ಕಡೆಯವನು. ಮೈಸೂರಿನಲ್ಲಿ ಸಿಹಿತಿಂಡಿ ಮಾಡುವವರೊಬ್ಬರಿಗೆ ಬೆಲ್ಲ ಆರಿಸಿಕೊಡುವುದು ನನ್ನ ಉದ್ಯೋಗ. ಅವರ ಚಿಕ್ಕಿಗೆ ಉತ್ತರ ಕರ್ನಾಟಕದ ಗಡಿಯ ಕಡೆಯ ಬೆಲ್ಲವೇ ಆಗಬೇಕು. ನಮ್ಮೂರಿನ ಬೆಲ್ಲ ಬಿಟ್ಟು ಅಷ್ಟು ದೂರ ಹೋಗುತ್ತಾನಲ್ಲ ಎಂದು ನನ್ನ ಸೋದರಮಾವ ಇಂದಿಗೂ ನನ್ನೊಡನೆ ಸರಿಯಾಗಿ ಮಾತಾಡುವುದಿಲ್ಲ. ಕಬ್ಬಿನ ಹಂಗಾಮು ಬಂದರೆ ನಿಪ್ಪಾಣಿಯಲ್ಲೊಂದು ಕೋಣೆ ಹಿಡಿದು ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಸುತ್ತುತ್ತೇನೆ. ನಾವು ಆಲೆಮನೆ ಎನ್ನುವುದಕ್ಕೆ ಅಲ್ಲಿ ಗಾಣ ಎನ್ನುತ್ತಾರೆ. ಬೆಲ್ಲ ಮುರಿದು ಮೂಸಬೇಕು, ನಾಲಿಗೆಯ ಮೇಲಿಟ್ಟು ಕಾಯಬೇಕು. ಉಪ್ಪೇರಿದ ಜವುಳು ನೆಲದ ಕಬ್ಬಾದರೆ ಸಿಹಿಯ ಹಿಂದೆಯೇ ಸಣ್ಣಗೆ ಉಪ್ಪು ಬರುತ್ತದೆ. ಅದನ್ನು ಹಿಡಿಯುವ ನಾಲಿಗೆ ನನ್ನದೆಂದು ನನಗೆ ಜಂಬವಿತ್ತು.

ಊಟದಲ್ಲಿ ಮಾತ್ರ ಆ ನಾಲಿಗೆ ಶುದ್ಧ ದಡ್ಡ. ಹೆದ್ದಾರಿಯ ದೊಡ್ಡ ಹೋಟೆಲಿನಲ್ಲಿ ಗೋಡಂಬಿ ಹಾಕಿದ ಎಣ್ಣೆಗಾಯಿ ತಿಂದು ಉತ್ತರ ಕರ್ನಾಟಕದ ಅಸಲಿ ಊಟ ಮಾಡಿದೆ ಎಂದುಕೊಳ್ಳುತ್ತಿದ್ದೆ. ಮುದ್ದೆಯವನಾದ ನನಗೆ ಜೋಳದ ಒಣ ಕಟಕ್ ರೊಟ್ಟಿ ಬೀಸಣಿಗೆಗೆ ಲಾಯಕ್ಕಾಗಿ ಕಾಣುತ್ತಿತ್ತು. ಸಣ್ಣ ಖಾನಾವಳಿಗಳ ಮುಂದೆ ಕಾರು ನಿಲ್ಲಿಸಿದವನೇ ಅಲ್ಲ.

ಒಂದು ವರ್ಷ ಹಂಗಾಮಿನ ಮೊದಲಿಗೇ ಜ್ವರ ಬಂತು. ಜ್ವರ ಇಳಿಯಿತು, ಹೋಗುವಾಗ ಮೂಗು ನಾಲಿಗೆ ಎರಡನ್ನೂ ಒಯ್ದಿತು. ಸೋಪಿಗೆ ಪರಿಮಳವಿಲ್ಲ, ಕಾಫಿ ಬರೀ ಬಿಸಿನೀರು, ಬೆಲ್ಲ ಒದ್ದೆ ಮರಳು. ಡಾಕ್ಟರು ತಾನಾಗಿ ಬರಬಹುದು, ಕಾಯಿರಿ ಎಂದರು. ನಾನು ಯಾರಿಗೂ ಹೇಳಲಿಲ್ಲ. ನಾಲಿಗೆ ಹೋದರೆ ನನ್ನಲ್ಲಿ ಉಳಿಯುವುದೇನು? ಬಣ್ಣ ನೋಡಿ, ಹೆಬ್ಬೆರಳಿನಿಂದ ಒತ್ತಿ, ರುಚಿ ನೋಡಿದಂತೆ ಕಣ್ಣು ಮುಚ್ಚುತ್ತಿದ್ದೆ. ಎಲ್ಲವನ್ನೂ ಒಪ್ಪಿದರೆ ಅನುಮಾನ ಬಂದೀತೆಂದು ನಡುನಡುವೆ ಒಬ್ಬರ ಬೆಲ್ಲವನ್ನು ಉಪ್ಪಿದೆ ಎಂದು ತಳ್ಳಿಬಿಡುತ್ತಿದ್ದೆ. ಇದನ್ನು ಬರೆಯುವಾಗ ಈಗಲೂ ಕೈ ಹಿಂಜರಿಯುತ್ತದೆ.

ರುಚಿಯೇ ಇಲ್ಲದವನಿಗೆ ಯಾವ ಹೋಟೆಲಾದರೇನು? ಹಾಗಾಗಿಯೇ ಕಾಗವಾಡದಲ್ಲಿ ಗಂಗವ್ವನ ಖಾನಾವಳಿಗೆ ಹೋದೆ. ಮನೆಯ ಮುಂದಿನ ಕೋಣೆ, ನಾಲ್ಕು ಮೇಜು, ಒಳಗಿನಿಂದ ರೊಟ್ಟಿ ಬಡಿಯುವ ಸದ್ದು. ಗಂಗವ್ವನಿಗೆ ಐವತ್ತೈದರ ಸುಮಾರು, ತವರು ತೆಲಸಂಗ. ಬಿಸಿ ರೊಟ್ಟಿ, ಹಸಿ ಮೆಂತ್ಯದ ಸೊಪ್ಪು, ಕಡಲೆಹಿಟ್ಟಿನ ಜುಣಕ, ನಾವು ಹುಚ್ಚೆಳ್ಳು ಎನ್ನುವ ಗುರೆಳ್ಳಿನ ಚಟ್ನಿ, ಕೆನೆಮೊಸರು. ನಾಲಿಗೆಗೆ ಏನೂ ತಿಳಿಯದಿದ್ದರೂ ಬಿಸಿ, ತಂಪು, ರೊಟ್ಟಿಯ ಮೆತ್ತಗಿನ ಒಡಲು, ಸೊಪ್ಪಿನ ಕರುಮುರು ಇವೆಲ್ಲ ಹಲ್ಲಿಗೆ ತಿಳಿಯುತ್ತಿದ್ದವು. ಹೊಟ್ಟೆ ತಣ್ಣಗಾಗುತ್ತಿತ್ತು. ಯಾವ ಗಾಣಕ್ಕೆ ಹೋದರೂ ಮಧ್ಯಾಹ್ನದ ಊಟಕ್ಕೆ ದಿನವೂ ಅಲ್ಲಿಗೇ ಹೋಗತೊಡಗಿದೆ. ದಿನವೂ ತಪ್ಪದೆ, ಚೆನ್ನಾಗಿದೆ ಎನ್ನುತ್ತಿದ್ದೆ.

ಒಂದು ಮಧ್ಯಾಹ್ನ ಉಳಿದವರೆಲ್ಲ ಎದ್ದು ಹೋದ ಮೇಲೆ ಆಕೆ ನನ್ನೆದುರು ಬಂದು ಕೂತಳು.

"ಇವತ್ತ ಜುಣಕಕ್ಕ ಉಪ್ಪು ಹಾಕೂದ ಮರತಿದ್ನಿ. ಎಲ್ಲಾರೂ ಉಪ್ಪು ಕೇಳಿ ಹಾಕ್ಕೊಂಡ್ರು. ನೀವು ಹಂಗ ಎರಡ ಸಲ ಹಾಕಿಸ್ಕೊಂಡು ಚೆನ್ನಾಗಿದೆ ಅಂದ್ರಿ."

ಸುಳ್ಳು ಹೇಳಲು ಬಾಯಿ ತೆರೆದೆ, ಆಗಲಿಲ್ಲ. ಜ್ವರ ಬಂದದ್ದು, ನಾಲಿಗೆ ಹೋದದ್ದು ಹೇಳಿದೆ. ನನ್ನ ಕಸುಬು ಆಕೆಗೆ ಗೊತ್ತಿತ್ತು.

"ಹಂಗಾರ ಗಾಣದಾಗ ಬೆಲ್ಲ ಹೆಂಗ ನೋಡ್ತೀರಿ?"

ಬಣ್ಣ ನೋಡಿ ಅಂದಾಜಿನ ಮೇಲೆ ಹೇಳುತ್ತೇನೆ ಎಂದೆ.

"ಶೇಡಬಾಳದ ಅಪ್ಪಾಸಾಹೇಬ್ರು ನಿನ್ನಿ ಊಟಕ್ಕ ಬಂದಿದ್ರು. ಅವರ ಬೆಲ್ಲದಾಗ ಉಪ್ಪೈತಿ ಅಂತ ಯಾರೋ ಬಿಟ್ಟ ಹೋಗ್ಯಾರಂತ. ಬಾವಿ ನೀರು ಪರೀಕ್ಷಾ ಮಾಡಸಾಕ ಬಾಟ್ಲಿ ತುಂಬಿ ಇಟ್ಟಾರ."

ಆ ಯಾರೋ ನಾನೇ. ಮರುದಿನ ಬೆಳಿಗ್ಗೆ ಶೇಡಬಾಳಕ್ಕೆ ಹೋದೆ. ಅಪ್ಪಾಸಾಹೇಬರ ಗಾಣದ ಕಟ್ಟೆಯ ಮೇಲೆ ನೀರಿನ ಬಾಟಲಿ ಇನ್ನೂ ಇತ್ತು. ಎಪ್ಪತ್ತು ದಾಟಿದ ಅವರು ನನ್ನ ತಪ್ಪೊಪ್ಪಿಗೆಯನ್ನು ಪೂರ್ತಿ ಕೇಳಿದರು. ಬೈಯುತ್ತಾರೆಂದು ಕಾದೆ, ಬೈಯಲಿಲ್ಲ. ಬಾಟಲಿಯ ಮುಚ್ಚಳ ತಿರುಗಿಸಿ ನೀರನ್ನು ಕರಿಬೇವಿನ ಬುಡಕ್ಕೆ ಸುರಿದರು.

"ಸುಮ್ಮಸುಮ್ಮನ ನನ್ನ ಬಾವಿ ಮ್ಯಾಲ ನಾನ ಸಂಶಯ ಪಟ್ನೆಲ್ರಿ," ಎಂದರು.

ಬೈಗುಳವನ್ನಾದರೆ ಆ ವರ್ಷವೇ ಮರೆಯುತ್ತಿದ್ದೆ. ಅಲ್ಲಿಂದಲೇ ಮೈಸೂರಿಗೆ ಫೋನ್ ಮಾಡಿ ಯಜಮಾನರಿಗೂ ಹೇಳಿದೆ. ಅವರು, ಹಾಗಾದರೆ ಈಗ ರುಚಿ ನೋಡುವವರು ಯಾರು ಎಂದು ಕೇಳಿದರು.

ನೋಡಿದ್ದು ಗಂಗವ್ವ. ನಾನು ಸುಳ್ಳು ಹೇಳಿ ತಳ್ಳಿದ್ದ ಒಂದೊಂದು ಗಾಣಕ್ಕೂ ಮತ್ತೆ ಹೋಗಿ, ಚೂರುಗಳನ್ನು ಕಾಗದದಲ್ಲಿ ಕಟ್ಟಿ ತಂದೆ. ಊಟದ ಗದ್ದಲ ಮುಗಿದ ಮೇಲೆ ಆಕೆ ಬಾಯಿ ಮುಕ್ಕಳಿಸಿ ಕೂರುತ್ತಿದ್ದಳು. ಅಪ್ಪಾಸಾಹೇಬರ ಬೆಲ್ಲ ಬಾಯಿಗೆ ಹಾಕಿಕೊಂಡವಳು, ಇದನ್ನೇ ಬಿಟ್ಟಿರಾ ಎಂಬಂತೆ ನನ್ನನ್ನು ನೋಡಿದಳು. ನನಗೂ ಒಂದು ಕೆಲಸ ಕೊಟ್ಟಿದ್ದಳು. ಊಟಕ್ಕೆ ಮೊದಲು ಬೆಳ್ಳುಳ್ಳಿ, ಜೀರಿಗೆ, ಅಗಸೆ, ಗುರೆಳ್ಳು ಒಂದೊಂದನ್ನೂ ಹೆಸರು ಹೇಳುತ್ತ ಮೂಸಬೇಕು. ಅ ಆ ಇ ಈ ಕಲಿಯುವ ಮಗುವಿನಂತೆ ತಿಂಗಳುಗಟ್ಟಲೆ ಮೂಸಿದೆ. ಏನೂ ಬರಲಿಲ್ಲ.

ಹಂಗಾಮು ಮುಗಿಯುವ ಹೊತ್ತಿಗೆ, ಒಂದು ದಿನ ಆಕೆ ಒಲೆಯ ಮೇಲೆ ಗುರೆಳ್ಳು ಹುರಿಯಲಿಟ್ಟು ಬಾಗಿಲಲ್ಲಿ ಯಾರೊಂದಿಗೋ ಮರಾಠಿಯಲ್ಲಿ ಮಾತಾಡುತ್ತಿದ್ದಳು. ನಾನು ರೊಟ್ಟಿ ಮುರಿಯುತ್ತಿದ್ದವನು ತಲೆಯೆತ್ತಿ, "ಅಕ್ಕಾ, ಏನೋ ಸೀದೋಗ್ತಾ ಇದೆ" ಎಂದೆ. ಆಕೆ ಒಳಗೆ ಓಡಿ ಬಾಣಲೆ ಇಳಿಸಿದಳು. ಇಳಿಸಿದವಳು ಅಲ್ಲೇ ನಿಂತು ತಿರುಗಿ ನನ್ನನ್ನು ನೋಡಿದಳು. ನಾನು ಹೇಳಿದ್ದೇನೆಂದು ಆಗ ನನಗೂ ತಿಳಿಯಿತು. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು, ಹೊಗೆ ಎಂದಳು. ನಾನೂ ಹೌದು, ಹೊಗೆ ಎಂದೆ.

ಗಂಗವ್ವನ ಕೈಯಡುಗೆಯ ನಿಜವಾದ ರುಚಿ ನನಗೆ ತಿಳಿದದ್ದು ಆಮೇಲೆ, ಒಂದೊಂದಾಗಿ. ಮೊದಲು ಖಾರ, ಆಮೇಲೆ ಮೊಸರಿನ ಹುಳಿ, ಕೊನೆಗೆ ಜೋಳದ ಸಣ್ಣ ಸಿಹಿ. ಜೋಳಕ್ಕೆ ಸಿಹಿಯಿದೆ ಎಂಬುದು ನಾಲಿಗೆ ಗಟ್ಟಿಯಿದ್ದಾಗ ನನಗೆ ಗೊತ್ತೇ ಇರಲಿಲ್ಲ.

ಎಲ್ಲವೂ ಮರಳಿಲ್ಲ. ಕಾಫಿಯ ಪರಿಮಳ ಇನ್ನೂ ಬಂದಿಲ್ಲ. ಕೆಲವು ದಿನ ನಾಲಿಗೆ ಕಾರಣವಿಲ್ಲದೆ ಮಂಕಾಗುತ್ತದೆ. ಕಳೆದ ವಾರ ಶೇಡಬಾಳದಲ್ಲಿ ಅಪ್ಪಾಸಾಹೇಬರು ಹೊಸ ಬೆಲ್ಲ ಮುರಿದು ಕೈಗಿಟ್ಟರು. ಬಾಯಿಗೆ ಹಾಕಿಕೊಂಡು ಕಾದೆ. ಸುತ್ತ ನಿಂತವರೆಲ್ಲ ನನ್ನ ಮುಖ ನೋಡುತ್ತಿದ್ದರು.

"ಇವತ್ತು ನನಗೆ ತಿಳೀತಿಲ್ಲ," ಎಂದೆ.

ಅಪ್ಪಾಸಾಹೇಬರು ತಲೆಯಾಡಿಸಿ, ನಾಳೆ ಬರ್ರಿ ಎಂದರು.