ಕತ್ತರಿ ಅಕ್ಕನ ಬಲಗೈ

ಅಪ್ಪ ತೀರಿಕೊಂಡಾಗ ಕ್ಷೌರದಂಗಡಿಗೆ ಬೀಗ ಹಾಕೋಣವೆಂದು ಮನೆಯವರು ಮಾತಾಡಿಕೊಂಡಿದ್ದರು. ಮಗಳು ಮಾರನೆಯ ಬೆಳಿಗ್ಗೆಯೇ ಹೋಗಿ ಬಾಗಿಲು ತೆರೆದಳು. "ಗಂಡಸರ ಗಡ್ಡಕ್ಕೆ ಹೆಂಗಸಿನ ಕೈಯಾ?" ಎಂದು ಮೂಗು ಮುರಿದವರೇ ವರ್ಷ ಕಳೆಯುವುದರೊಳಗೆ ಬೆಂಚಿನ ಮೇಲೆ ಸರದಿ ಕಾಯುತ್ತಿದ್ದರು. ಬೀದಿಗೆಲ್ಲ ಅವಳು ಕತ್ತರಿ ಅಕ್ಕ. ಹೆಸರು ಬಂದದ್ದು ಕಸುಬಿನಿಂದಲೋ ನಾಲಿಗೆಯಿಂದಲೋ, ಯಾರೂ ಕೇಳುವ ಧೈರ್ಯ ಮಾಡಲಿಲ್ಲ.

ಐವತ್ತು ದಾಟಿದ ಮೇಲೆ ಒಂದು ಮಧ್ಯಾಹ್ನ, ಗಿರಾಕಿಯ ಕಿವಿಯ ಹಿಂದೆ ಕೂದಲು ಸವರುತ್ತಿದ್ದಾಗ ಕತ್ತರಿ ನೆಲಕ್ಕೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದರೆ ಕೈ ಮಾತು ಕೇಳಲಿಲ್ಲ. ಪಾರ್ಶ್ವವಾಯು. ಕಾಲು ಬೇಗ ಸುಧಾರಿಸಿತು, ಮಾತು ಒಂದಿಷ್ಟೂ ಕೆಡಲಿಲ್ಲ. "ಅದೇ ಸ್ವಲ್ಪ ಕೆಟ್ಟಿದ್ರೆ ಆಗ್ತಿತ್ತು" ಎಂದು ತಮ್ಮ ಗೊಣಗಿದ. ಬಲಗೈ ಮಾತ್ರ ಒದ್ದೆ ಟವೆಲಿನಂತೆ ಮಡಿಲಲ್ಲಿ ಬಿದ್ದಿರುತ್ತಿತ್ತು.

"ಅಕ್ಕಾ, ಅಂಗಡಿ ಕೊಟ್ಟುಬಿಡೋಣ. ಒಬ್ಬ ಚಪ್ಪಲಿ ಅಂಗಡಿ ಹಾಕ್ತೀನಿ ಅಂತ ಕೇಳ್ತಿದಾನೆ."

"ನನ್ನ ಹೆಣ ಎತ್ತಿದ ಮೇಲೆ ಹಾಕಲಿ."

ಆಸ್ಪತ್ರೆಯಲ್ಲಿ ಆಗ ಪಾರ್ಶ್ವವಾಯು ಬಡಿದವರಿಗಾಗಿ ಒಂದು ಪ್ರಯೋಗ ನಡೆಯುತ್ತಿತ್ತು. ಉಪ್ಪುನೀರಿನಲ್ಲಿ ನೆನೆಸಿದ ಎರಡು ಸ್ಪಂಜುಗಳನ್ನು ತಲೆಗೆ ಕಟ್ಟಿ, ಬ್ಯಾಟರಿಯಿಂದ ತೀರ ಕಡಿಮೆ ವಿದ್ಯುತ್ ಹರಿಸುವುದು. ಅಕ್ಕ ತಾನಾಗಿಯೇ ಹೋಗಿ ಹೆಸರು ಕೊಟ್ಟಳು.

"ತಲೆಗೆ ಕರೆಂಟಾ? ಹುಚ್ಚು ಹಿಡಿದಿದ್ಯಾ ನಿಂಗೆ?" ಎಂದ ತಮ್ಮ.

"ಹಿಡಿದಿದ್ರೆ ಕರೆಂಟಿಗೆ ಬಿಡತ್ತೆ, ಬಿಡು."

ಪ್ರಯೋಗ ನಡೆಸುತ್ತಿದ್ದ ಡಾಕ್ಟರಮ್ಮ ಒಂದು ಸ್ಪಂಜನ್ನು ನೆತ್ತಿಯ ಎಡಪಕ್ಕಕ್ಕೆ, ಇನ್ನೊಂದನ್ನು ಬಲಹುಬ್ಬಿನ ಮೇಲೆ ಕಟ್ಟಿದಳು.

"ಕೆಟ್ಟಿರೋದು ಬಲಗೈ. ಎಡಗಡೆ ಯಾಕೆ?"

"ಬಲಗೈಯ ಯಜಮಾನ ಎಡಗಡೆ ಕೂತಿರ್ತಾನೆ. ನೋಡಿ, ಇದು ಕೈಯನ್ನ ಎಳೆದು ಆಡಿಸಲ್ಲ. ಮೆದುಳಿನ ಆ ಜಾಗಾನ ಸ್ವಲ್ಪ ಚುರುಕು ಮಾಡಬಹುದು, ಅಷ್ಟೇ. ಕೆಲಸ ನೀವೇ ಮಾಡಬೇಕು. ಕೆಲವರಿಗೆ ಏನೂ ಆಗೋದೂ ಇಲ್ಲ."

ಇರುವೆ ಹರಿದಂತೆ ತುರಿಕೆಯಾಯಿತು. ಆಮೇಲೆ ಮರದ ಕಡ್ಡಿಗಳನ್ನು ತೂತುಗಳಿಗೆ ಸಿಕ್ಕಿಸುವ ಅಭ್ಯಾಸ.

"ಈ ಚುರುಕು ಎಷ್ಟು ಹೊತ್ತು ಇರತ್ತೆ?"

"ಒಂದು ಗಂಟೆ ಇರಬಹುದು. ಖಾತ್ರಿ ಹೇಳಕ್ಕಾಗಲ್ಲ."

ಅಕ್ಕ ಮನೆಗೆ ಹೋಗಲಿಲ್ಲ. ನೇರವಾಗಿ ಅಂಗಡಿಗೆ ಹೋಗಿ, ಕುರ್ಚಿಯ ಬೆನ್ನಿಗೆ ಹಳೆಯ ವಿಗ್ಗೊಂದನ್ನು ಸಿಕ್ಕಿಸಿ, ಎಡಗೈಯಿಂದ ಬಲಗೈ ಬೆರಳುಗಳನ್ನು ಕತ್ತರಿಗೆ ತೂರಿಸಿದಳು. ಕತ್ತರಿ ಬಿತ್ತು. ಎತ್ತಿದಳು. ಬಿತ್ತು. ಪ್ರತಿ ಸಲ ಆಸ್ಪತ್ರೆಯಿಂದ ಬಂದಾಗಲೂ ಅದೇ ಗುದ್ದಾಟ.

ವಿಷಯ ಕೇಳಿ ಡಾಕ್ಟರಮ್ಮ ತಲೆ ಮೇಲೆ ಕೈ ಹೊತ್ತಳು. "ಎಲ್ಲರೂ ಒಂದೇ ಅಭ್ಯಾಸ ಮಾಡಬೇಕು ಅಂತ ಹೇಳಿದ್ನಲ್ಲ! ಈಗ ನಿಮ್ಮನ್ನ ಪ್ರಯೋಗದ ಲೆಕ್ಕಕ್ಕೆ ತಗೊಳ್ಳೋಕೆ ಆಗಲ್ಲ."

"ಲೆಕ್ಕದಿಂದ ತೆಗೀರಿ. ನನ್ನ ಅಂಗಡೀನ ನನ್ನಿಂದ ತೆಗೀಬೇಡಿ."

ಡಾಕ್ಟರಮ್ಮ ಅವಳನ್ನು ಲೆಕ್ಕದಿಂದ ತೆಗೆದಳು. ಆದರೆ ಉಳಿದ ಕರೆಂಟಿನ ಸರದಿಗಳನ್ನು ತಪ್ಪಿಸಲಿಲ್ಲ.

ಮೊದಲು ಹೆಬ್ಬೆರಳು ಮಿಸುಕಿತು. ಆಮೇಲೆ ನಡುಬೆರಳು. ಕತ್ತರಿಯ ಕಣ್ಣಿಗೆ ತೂರಬೇಕಾದ ಉಂಗುರ ಬೆರಳು ಮಾತ್ರ ಕೊನೆಗೂ ಬರಲಿಲ್ಲ. ಅದನ್ನು ಬೈದು ಬದಿಗಿಟ್ಟು, ನಡುಬೆರಳಿನಲ್ಲಿ ಕತ್ತರಿ ಹಿಡಿಯುವುದನ್ನು ಕಲಿತಳು. ಕ್ಷೌರದ ಕತ್ತಿಯನ್ನು ಮಾತ್ರ ಒಂದು ಬೆಳಿಗ್ಗೆ ಬಹಳ ಹೊತ್ತು ನೋಡಿ, ಒರೆಸಿ, ತಾನಾಗಿಯೇ ಒಳಗಿಟ್ಟಳು.

ಮರುದಿನ ಬಾಗಿಲಿಗೆ ಹಲಗೆ ಬಿತ್ತು: "ಕೂದಲು ಮಾತ್ರ. ಗಡ್ಡ ಇಲ್ಲ. ಕೆಲಸ ನಿಧಾನ. ಅವಸರ ಇದ್ದವರು ಮುಂದೆ ಹೋಗಿ." ಮೊದಲು ಬಂದು ಕೂತವನು ತಮ್ಮ. ಕಣ್ಣು ಬಿಗಿಯಾಗಿ ಮುಚ್ಚಿದ್ದ.

"ಉಸಿರಾಡೋ, ಕಿವಿ ಕತ್ತರಿಸಲ್ಲ" ಎಂದಳು ಅಕ್ಕ.

ಕೆಲವು ತಿಂಗಳ ಮೇಲೆ ಆಸ್ಪತ್ರೆಯ ಪ್ರಚಾರದವನೊಬ್ಬ ಕ್ಯಾಮೆರಾ ಹಿಡಿದು ಬಂದ. "ಮಿಷನ್ನಿಂದ ಕೈ ವಾಪಸ್ ಬಂತು ಅಂತ ಒಂದು ಮಾತು ಹೇಳಿ, ಸಾಕು."

"ಮಿಷನ್ನಿಂದಾನಾ, ನನ್ನ ಹಟದಿಂದಾನಾ, ತಾನಾಗೇ ಬಂತಾ, ನಿಮ್ಮ ಡಾಕ್ಟ್ರೇ ಗೊತ್ತಿಲ್ಲ ಅಂದ್ರು. ಗೊತ್ತಿಲ್ಲ ಅಂತ ಹಾಕ್ತೀರಾ?"

"ಹಾಗೆ ಹಾಕಿದ್ರೆ ಯಾರಮ್ಮ ಓದ್ತಾರೆ?"

"ಹಾಗಾದ್ರೆ ಫೋಟೋ ಬೇಡ." ಅಕ್ಕ ಅವನ ತಲೆಯ ಸುತ್ತ ಒಮ್ಮೆ ಕಣ್ಣಾಡಿಸಿದಳು. "ಹಿಂದುಗಡೆ ಕಾಡು ಬೆಳೆಸಿದೀರಿ. ಬಂದಿದ್ದಾಯ್ತಲ್ಲ, ಕೂತ್ಕೊಳ್ಳಿ."

ಅವನು ಅವಳ ಕೈ ನೋಡಿದ, ಕತ್ತರಿ ನೋಡಿದ. ಕ್ಯಾಮೆರಾವನ್ನು ಬೆಂಚಿನ ಮೇಲಿಟ್ಟು ಕೂತ.